ನಂಜೇರಿದ ದೇಹ, ಶಕ್ತಿ ಸಾಲದ ಜೀವಕೋಶ

ಬೆಂಗಳೂರಿನ ತ್ಯಾಗರಾಜನಗರ, ಎನ್.ಆರ್. ಕಾಲೋನಿ, ಬನಶಂಕರಿಯ ಕ್ಲಿನಿಕ್ಕುಗಳಲ್ಲಿ ಜ್ವರದಿಂದ ಸೊರಗಿದವರ ಮನೆಯವರು ವೈದ್ಯರನ್ನು ಕೇಳಿಕೊಳ್ಳುವ ಮಾತು ಸಾಮಾನ್ಯವಾಗಿ ಒಂದೇ: "ಡಾಕ್ಟ್ರೇ, ತುಂಬ ಸುಸ್ತಾಗಿದಾರೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ." ಆ ಬಾಟಲಿಯ ಮೇಲಿನ ಚೀಟಿಯನ್ನು ಓದಿ ನೋಡಿ. ಅರ್ಧ ಲೀಟರ್ ದ್ರಾವಣ, ಅದರಲ್ಲಿ ಶೇ. 5ರಷ್ಟು ಡೆಕ್ಸ್‌ಟ್ರೋಸ್, ಅಂದರೆ ಒಟ್ಟು 25 ಗ್ರಾಂ ಸಕ್ಕರೆ. ಇಡೀ ಬಾಟಲಿ ಇಳಿದರೂ ದೇಹಕ್ಕೆ ಸಿಗುವುದು ಹೆಚ್ಚೆಂದರೆ ನೂರು ಕ್ಯಾಲರಿ, ಎರಡು ಇಡ್ಲಿಯಿಂದ ಬರುವಷ್ಟು. ಡ್ರಿಪ್ ಹಾಕಿಸಿಕೊಂಡವರಿಗೆ ಹಾಯೆನಿಸುವುದಕ್ಕೆ ಮುಖ್ಯ ಕಾರಣ, ಬೆವರಿ ವಾಂತಿ ಮಾಡಿ ಒಣಗಿದ ಮೈಗೆ ಸಿಕ್ಕ ನೀರು.

ಆದರೂ ಆ ಬೇಡಿಕೆಯ ಹಿಂದೆ ಒಂದು ಗಂಭೀರ ಪ್ರಶ್ನೆಯಿದೆ. ಸೋಂಕು ಅತಿಯಾಗಿ ಐಸಿಯು ಸೇರಿದ ರೋಗಿಯ ರಕ್ತದಲ್ಲಿ ಸಕ್ಕರೆ ಬೇಕಾದಷ್ಟಿರುತ್ತದೆ, ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಆಮ್ಲಜನಕವನ್ನು ವೆಂಟಿಲೇಟರ್ ಒದಗಿಸುತ್ತಿರುತ್ತದೆ. ಆದರೂ ಮೂತ್ರಪಿಂಡ ನಿಲ್ಲುತ್ತದೆ, ಹೃದಯ ಸೋಲುತ್ತದೆ, ಸ್ನಾಯು ಕರಗುತ್ತದೆ. ಪತ್ರಿಕೆಗಳಲ್ಲಿ 'ಬಹು ಅಂಗಾಂಗ ವೈಫಲ್ಯ' ಎಂದು ಓದುವಾಗ ಅದರೊಳಗೆ ಅಡಗಿರುವ ಸಂಗತಿ ಇದು. ಇಂಧನವೂ ಇದೆ, ಗಾಳಿಯೂ ಇದೆ. ಮತ್ತೆ ಜೀವಕೋಶಕ್ಕೆ ಶಕ್ತಿ ಯಾಕೆ ಸಾಲುತ್ತಿಲ್ಲ? ಸುಮಾರು ನೂರು ವರ್ಷಗಳಿಂದ ವಿಜ್ಞಾನಿಗಳು ಬೆನ್ನು ಹತ್ತಿರುವ ಈ ಪ್ರಶ್ನೆ ಇಂದು ಎಲ್ಲಿಗೆ ಬಂದು ನಿಂತಿದೆ, ಅದರಲ್ಲಿ ನಮ್ಮ ಬೆಂಗಳೂರಿನ ಪಾಲೇನು ಎಂಬುದನ್ನು ಇಲ್ಲಿ ಅವಲೋಕಿಸಿದ್ದೇನೆ.

ಪ್ರಶ್ನೆ ಸಣ್ಣದೇನಲ್ಲ. 2020ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ 2017ರ ಒಂದೇ ವರ್ಷದಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳು ಸೋಲುವ ನಂಜು, ಆಗಿತ್ತು, 1.1 ಕೋಟಿ ಮಂದಿ ಸತ್ತಿದ್ದರು. ಹೊರೆಯ ದೊಡ್ಡ ಪಾಲು ಬಿದ್ದಿರುವುದು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಮೇಲೆ.

ಶಕ್ತಿ ಹುಟ್ಟುವ ಬಗೆ

ಜೀವಕೋಶ ಯಾವ ಕೆಲಸ ಮಾಡಬೇಕಾದರೂ ಎಟಿಪಿ ಎಂಬ ಅಣು ಬೇಕು. ಇದನ್ನು 1929ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಗುರುತಿಸಿದರು. ಅದೇ ಕಾಲದಲ್ಲಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ದುಡಿಯುತ್ತಿದ್ದ, ನಮ್ಮ ನೆರೆಯ ಭೀಮಾವರಂನವರಾದ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಅದನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ಅದಕ್ಕೆ ಎರಡು ವರ್ಷ ಮೊದಲೇ ಫಿಸ್ಕ್ ಮತ್ತು ಸುಬ್ಬರಾವ್ ಸ್ನಾಯುವಿನ ಫಾಸ್ಫೊಕ್ರಿಯಾಟಿನ್ ವಿವರಿಸಿದ್ದರು.

ದೇಹದಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ನೂರು ಗ್ರಾಂ ಆಸುಪಾಸು ಮಾತ್ರ. ಅದೇ ಅಣುಗಳು ಮತ್ತೆ ಮತ್ತೆ ಒಡೆದು ಕೂಡುತ್ತ, ಸುಮ್ಮನೆ ಮಲಗಿರುವ ಮನುಷ್ಯನಲ್ಲೂ ದಿನವೊಂದಕ್ಕೆ ಹತ್ತಾರು ಕಿಲೋಗ್ರಾಂ ಎಟಿಪಿ ತಯಾರಾಗಿ ಖರ್ಚಾಗುತ್ತದೆ ಎಂದು ಲೆಕ್ಕ. ಕೂಡಿಡಲು ಜಾಗವಿಲ್ಲ, ಹೊಸದು ಬರುತ್ತಲೇ ಇರಬೇಕು. ಆಮ್ಲಜನಕವಿಲ್ಲದೆ ಸಕ್ಕರೆಯ ಒಂದು ಅಣುವನ್ನು ಒಡೆದರೆ ಸಿಗುವುದು ಎರಡೇ ಎಟಿಪಿ, ಜೊತೆಗೆ ಲ್ಯಾಕ್ಟೇಟ್. ಅದನ್ನೇ ಜೀವಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಪುಟ್ಟ ಕುಲುಮೆಗಳಲ್ಲಿ ಆಮ್ಲಜನಕದೊಂದಿಗೆ ಪೂರ್ತಿ ಉರಿಸಿದರೆ ಮೂವತ್ತರಷ್ಟು ಸಿಗುತ್ತದೆ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಹೋಗುವುದು ಈ ಕೆಲಸಕ್ಕೆ.

ಆ ಉರಿಯುವಿಕೆ ಎಟಿಪಿಯಾಗುವ ಬಗೆಯನ್ನು 1961ರಲ್ಲಿ ವಿವರಿಸಿದ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಂತು. ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುವ ಯುಬಿಕ್ವಿನೋನ್ ಎಂಬ ಅಣುವಿನ ಬಗ್ಗೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಬಹುಕಾಲ ಸಂಶೋಧನೆ ನಡೆಸಿದರು. ಹುಟ್ಟಿನಿಂದಲೇ ಮೈಟೋಕಾಂಡ್ರಿಯ ಕೆಟ್ಟಿರುವ ಮಕ್ಕಳ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿ ರೋಗ ಪತ್ತೆಮಾಡುವ ಕೆಲಸ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನಡೆದುಕೊಂಡು ಬಂದಿದೆ. ಐಸಿಯು ರೋಗಿಯ ಪ್ರಶ್ನೆ ಇದಕ್ಕಿಂತ ಬೇರೆ. ಅವರ ಮೈಟೋಕಾಂಡ್ರಿಯ ಹೋದ ವಾರದವರೆಗೂ ಚೆನ್ನಾಗಿಯೇ ಇತ್ತು.

ಗ್ಲಾಸ್ಗೊದ ಮುರಿದ ಕಾಲುಗಳು

ಕಾಯಿಲೆ ಬಿದ್ದ ದೇಹದ ಶಕ್ತಿಯ ಲೆಕ್ಕವನ್ನು ಮೊದಲು ಕಟ್ಟುನಿಟ್ಟಾಗಿ ಬರೆದವರು ಡೇವಿಡ್ ಕತ್‌ಬರ್ಟ್‌ಸನ್. 1930ರ ಸುಮಾರಿಗೆ ಗ್ಲಾಸ್ಗೊದಲ್ಲಿ ಕಾಲಿನ ಮೂಳೆ ಮುರಿದು ಮಲಗಿದವರ ಮೂತ್ರವನ್ನು ದಿನವೂ ಅಳೆದಾಗ ಅವರಿಗೆ ವಿಚಿತ್ರವೊಂದು ಕಂಡಿತು. ಮುರಿದದ್ದು ಮೂಳೆ, ಸೋರಿಹೋಗುತ್ತಿದ್ದದ್ದು ಸಾರಜನಕ. ಅಂದರೆ ಪೆಟ್ಟೇ ಬೀಳದ ಸ್ನಾಯುಗಳ ಪ್ರೋಟೀನ್ ಕೂಡ ಕರಗುತ್ತಿತ್ತು. 1942ರಲ್ಲಿ ಅವರು ಈ ಪ್ರತಿಕ್ರಿಯೆಯನ್ನು ಎರಡು ಹಂತವಾಗಿ ವಿಂಗಡಿಸಿದರು. ಮೊದಲ ಒಂದೆರಡು ದಿನ ಮೈ ತಣ್ಣಗಾಗಿ ಶಕ್ತಿಯ ಬಳಕೆ ಇಳಿಯುವ ಇಳಿತದ ಹಂತ, ಆಮೇಲೆ ಜ್ವರ, ನಾಡಿಯ ಓಟ ಮತ್ತು ಸ್ನಾಯುವಿನ ಕ್ಷಯ ಕಾಣುವ ಭರತದ ಹಂತ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಶಕ್ತಿವ್ಯಯ ಶೇ. 10ರಿಂದ 13ರಷ್ಟು ಏರುತ್ತದೆ ಎಂಬುದನ್ನೂ ಇದರ ಜೊತೆ ಇಟ್ಟು ನೋಡಬೇಕು.

ಸ್ನಾಯು ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು 2013ರಲ್ಲಿ. ಲಂಡನ್ನಿನಲ್ಲಿ ಜುಡಿನ್ ಪುದುಚೇರಿ ಮತ್ತು ಸಂಗಡಿಗರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆಯುತ್ತ ಹೋದರು. ಹತ್ತೇ ದಿನಗಳಲ್ಲಿ ಅದರ ಅಡ್ಡಕೊಯ್ತದ ವಿಸ್ತಾರ ಸರಾಸರಿ ಶೇ. 17.7ರಷ್ಟು ಕುಗ್ಗಿತ್ತು. ಐಸಿಯುವಿನಿಂದ ಬದುಕಿ ಬಂದವರು ತಿಂಗಳುಗಟ್ಟಲೆ ಮೆಟ್ಟಿಲು ಹತ್ತಲಾರದೆ ಕೂರುವುದಕ್ಕೆ ಇಲ್ಲೇ ಕಾರಣ ಇದೆ.

ಆಮ್ಲಜನಕದ ಕೊರತೆಯೇ, ಬಳಕೆಯ ತೊಡಕೇ?

ಬಹಳ ಕಾಲ ವೈದ್ಯರ ನಂಬಿಕೆ ಸರಳವಾಗಿತ್ತು. ಸೆಪ್ಸಿಸ್‌ನಲ್ಲಿ ರಕ್ತದೊತ್ತಡ ಕುಸಿಯುತ್ತದೆ, ಅಂಗಾಂಗಗಳಿಗೆ ಆಮ್ಲಜನಕ ತಲುಪುವುದಿಲ್ಲ, ಅದಕ್ಕೇ ಲ್ಯಾಕ್ಟೇಟ್ ಏರುತ್ತದೆ, ಆದ್ದರಿಂದ ಆಮ್ಲಜನಕದ ಪೂರೈಕೆ ಹೆಚ್ಚಿಸಿದರೆ ರೋಗಿ ಬದುಕುತ್ತಾನೆ. ಆರಂಭದ ಗಂಟೆಗಳಲ್ಲಿ ಇದು ಬಹುಮಟ್ಟಿಗೆ ನಿಜ. ಆದರೆ 1994ರಲ್ಲಿ ಬ್ರಿಟನ್ನಿನಲ್ಲಿ ಮಿಶೆಲ್ ಹೇಯ್ಸ್ ಮತ್ತಿತರರು, ಆಗಲೇ ತೀವ್ರ ಸ್ಥಿತಿಗೆ ಇಳಿದಿದ್ದ ರೋಗಿಗಳಿಗೆ ಡೊಬ್ಯುಟಮಿನ್ ಕೊಟ್ಟು ಹೃದಯವನ್ನು ಹೆಚ್ಚು ದುಡಿಸಿ ಆಮ್ಲಜನಕದ ಪೂರೈಕೆ ಏರಿಸಿದರು. ಆ ಗುಂಪಿನಲ್ಲಿ ಆಸ್ಪತ್ರೆಯಲ್ಲೇ ಸತ್ತವರು ಶೇ. 54, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ. 34. ತೀವ್ರ ಸೆಪ್ಸಿಸ್ ರೋಗಿಗಳ ಸ್ನಾಯುವಿನೊಳಗೆ ಆಮ್ಲಜನಕ ಅಳೆದು ನೋಡಿದ ಜರ್ಮನಿಯ ತಂಡಕ್ಕೆ ಅದು ಕಡಿಮೆಯಾಗುವ ಬದಲು ಹೆಚ್ಚಿರುವುದು ಕಂಡಿತು. ಬಂದ ಆಮ್ಲಜನಕ ಬಳಕೆಯಾಗದೆ ಉಳಿಯುತ್ತಿತ್ತು.

ಅಲ್ಲಿಂದ ಗಮನ ಮೈಟೋಕಾಂಡ್ರಿಯದ ಕಡೆ ತಿರುಗಿತು. ಈ ದಾರಿಯ ಮುಖ್ಯ ಹೆಜ್ಜೆ 2002ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡೇವಿಡ್ ಬ್ರೀಲಿ ಮತ್ತು ಮರ್ವಿನ್ ಸಿಂಗರ್ ಅವರ ತಂಡ ಇಟ್ಟದ್ದು. ಐಸಿಯು ಸೇರಿದ 24 ಗಂಟೆಯೊಳಗೆ 28 ಸೆಪ್ಸಿಸ್ ರೋಗಿಗಳ ತೊಡೆಯಿಂದ ಸ್ನಾಯುವಿನ ಪುಟ್ಟ ಚೂರು ತೆಗೆದು ಎಟಿಪಿ ಅಳೆದರು. ಹೋಲಿಕೆಗೆ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆ ಬಂದ 9 ಜನರನ್ನು ತೆಗೆದುಕೊಂಡರು. ಮುಂದೆ ಬದುಕಿದ 16 ಮಂದಿಯಲ್ಲಿ ಎಟಿಪಿ ಸಾಕಷ್ಟಿತ್ತು. ಮುಂದೆ ತೀರಿಕೊಂಡ 12 ಮಂದಿಯಲ್ಲಿ ಅದು ಬದುಕಿದವರ ಅರ್ಧದಷ್ಟಿತ್ತು. ಉರಿಯೂತದಲ್ಲಿ ವಿಪರೀತ ಹುಟ್ಟುವ ನೈಟ್ರಿಕ್ ಆಕ್ಸೈಡ್, ಮೈಟೋಕಾಂಡ್ರಿಯದಲ್ಲಿ ಎಲೆಕ್ಟ್ರಾನು ಸಾಗಿಸುವ ಸರಪಳಿಯ ಮೊದಲ ಘಟ್ಟವನ್ನು ಕಟ್ಟಿಹಾಕುತ್ತಿರುವ ಸೂಚನೆಯೂ ಸಿಕ್ಕಿತು.

ಇದಕ್ಕಿಂತ ಬೆರಗು ಹುಟ್ಟಿಸುವ ಸಂಗತಿ ಶವಪರೀಕ್ಷೆಗಳದ್ದು. ಸೆಪ್ಸಿಸ್‌ನಿಂದ ಸತ್ತವರ ಹೃದಯ ಮತ್ತು ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ತ ಕೋಶಗಳು ತೀರ ಕಡಿಮೆ. ಅಂಗ ಕೆಲಸ ನಿಲ್ಲಿಸಿತ್ತು, ಅದರ ಕೋಶಗಳು ಬಹುಪಾಲು ಜೀವಂತವಾಗಿದ್ದವು. 2004ರಲ್ಲಿ ಸಿಂಗರ್ ಮತ್ತು ಸಂಗಡಿಗರು ಇದಕ್ಕೊಂದು ವಿವರಣೆ ಮುಂದಿಟ್ಟರು. ವಿದ್ಯುತ್ ಸಾಲದಾಗ ಜಾಲವೇ ಕುಸಿಯದಿರಲೆಂದು ಬಡಾವಣೆಗಳಿಗೆ ಸರದಿಯಂತೆ ಲೋಡ್ ಶೆಡ್ಡಿಂಗ್ ಮಾಡುವ ಹಾಗೆ, ಜೀವಕೋಶವೂ ತನ್ನ ಕೆಲಸ ನಿಲ್ಲಿಸಿ ಜೀವ ಉಳಿಸಿಕೊಳ್ಳುತ್ತದೆ ಎಂಬುದು ಅವರ ವಾದ. ಎಲ್ಲ ವಿಜ್ಞಾನಿಗಳೂ ಇದನ್ನು ಪೂರ್ತಿ ಒಪ್ಪಿಲ್ಲ. ಆದರೆ ನಿಂತುಹೋದ ಮೂತ್ರಪಿಂಡ ಡಯಾಲಿಸಿಸ್‌ನ ಆಸರೆಯಲ್ಲಿ ಕೆಲವು ವಾರ ಕಳೆದ ಮೇಲೆ ಎಷ್ಟೋ ರೋಗಿಗಳಲ್ಲಿ ತಾನಾಗಿ ಮತ್ತೆ ಕೆಲಸ ಶುರುಮಾಡುವುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಬದುಕುವವರಲ್ಲಿ ಹೊಸ ಮೈಟೋಕಾಂಡ್ರಿಯ ಕಟ್ಟುವ ಕೆಲಸ ಬೇಗ ಆರಂಭವಾಗುತ್ತದೆ ಎಂದು 2010ರ ಅಧ್ಯಯನವೊಂದು ತೋರಿಸಿದೆ.

ಲ್ಯಾಕ್ಟೇಟ್ ಬಗ್ಗೆಯೂ ತಿಳಿವಳಿಕೆ ಬದಲಾಗಿದೆ. ಎರಡು ಮಿಲಿಮೋಲ್‌ಗಿಂತ ಮೇಲೇರಿದ ಲ್ಯಾಕ್ಟೇಟ್ ಅಪಾಯದ ಗುರುತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಬರೀ ಆಮ್ಲಜನಕದ ಕೊರತೆಯ ಗುರುತಾಗಬೇಕಿಲ್ಲ. ಒತ್ತಡದಲ್ಲಿ ಹರಿಯುವ ಅಡ್ರಿನಲಿನ್ ಕೂಡ ಸ್ನಾಯುವಿನಿಂದ ಲ್ಯಾಕ್ಟೇಟ್ ಹೊರಡಿಸುತ್ತದೆ, ಸೋತ ಯಕೃತ್ತು ಅದನ್ನು ತೆರವು ಮಾಡಲಾರದು. ಥಯಮಿನ್ ಅಂದರೆ ಬಿ1 ಜೀವಸತ್ವ ಇಲ್ಲದಿದ್ದರೆ ಸಕ್ಕರೆ ಮೈಟೋಕಾಂಡ್ರಿಯದ ಬಾಗಿಲು ದಾಟದೆ ಲ್ಯಾಕ್ಟೇಟ್ ಆಗಿ ಉಳಿಯುತ್ತದೆ. ಬಹುಕಾಲ ಕುಡಿದವರಿಗೆ, ಬಹುದಿನ ಉಪವಾಸವಿದ್ದವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ ಕೊಡುವುದು ಈ ಕಾರಣಕ್ಕೆ.

ಬಿಳಿ ರಕ್ತಕಣದ ಬೇರೆ ಲೆಕ್ಕ

ಅಂಗಾಂಗದ ಕೋಶ ಕೆಲಸ ನಿಲ್ಲಿಸುವ ಹೊತ್ತಿನಲ್ಲೇ ರಕ್ಷಣೆಯ ಕೋಶ ಅಬ್ಬರದಿಂದ ದುಡಿಯುತ್ತದೆ, ಅದೂ ಬೇರೆ ದಾರಿಯಲ್ಲಿ. ಕ್ಯಾನ್ಸರ್ ಗಂತಿಯ ಕೋಶಗಳು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡುವುದನ್ನು 1920ರ ದಶಕದಲ್ಲಿ ಓಟೊ ವಾರ್‌ಬರ್ಗ್ ಕಂಡಿದ್ದರು. ಬ್ಯಾಕ್ಟೀರಿಯದ ಸುಳಿವು ಸಿಕ್ಕ ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣವೂ ಹಾಗೇ ಮಾಡುತ್ತದೆ. ಎಟಿಪಿ ಕಡಿಮೆ ಸಿಕ್ಕರೂ ಬೇಗ ಸಿಗುತ್ತದೆ, ಹೊಸ ಅಣುಗಳನ್ನು ಕಟ್ಟಲು ಕಚ್ಚಾ ವಸ್ತುವೂ ದೊರೆಯುತ್ತದೆ.

2013ರಲ್ಲಿ ಡಬ್ಲಿನ್ನಿನ ಲ್ಯೂಕ್ ಓನೀಲ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಂಧನ ಉರಿಯುವ ಚಕ್ರದ ನಡುವೆ ಬರುವ ಸಕ್ಸಿನೇಟ್ ಎಂಬ ಸಾಮಾನ್ಯ ಅಣು ಮ್ಯಾಕ್ರೊಫೇಜಿನಲ್ಲಿ ಶೇಖರವಾಗಿ ಉರಿಯೂತದ ಸಂದೇಶವನ್ನೇ ಹೊತ್ತಿಸುತ್ತದೆ ಎಂದು ಅದು ತೋರಿಸಿತು. ಅದೇ ಚಕ್ರದಿಂದ ಹುಟ್ಟುವ ಇಟಕೊನೇಟ್ ಉರಿಯೂತವನ್ನು ತಣಿಸುತ್ತದೆ ಎಂಬುದು 2018ರ ಸುಮಾರಿಗೆ ಸ್ಪಷ್ಟವಾಯಿತು. ಅಂದರೆ ಚಯಾಪಚಯ ಉರಿಯೂತಕ್ಕೆ ಇಂಧನ ಒದಗಿಸಿ ಸುಮ್ಮನಾಗುವುದಿಲ್ಲ, ಅದರ ಏರಿಳಿತವನ್ನೂ ನಿರ್ಧರಿಸುತ್ತದೆ. ದೊಡ್ಡ ಅಪಘಾತದಲ್ಲಿ ಸೋಂಕೇ ಇಲ್ಲದೆಯೂ ಸೆಪ್ಸಿಸ್‌ನಂಥ ಜ್ವರ, ಉರಿಯೂತ ಕಾಣುವುದಕ್ಕೆ 2010ರಲ್ಲಿ ಬಾಸ್ಟನ್ನಿನ ಕಾರ್ಲ್ ಹೌಸರ್ ಅವರ ತಂಡ ಕೊಟ್ಟ ಉತ್ತರವೂ ಇಲ್ಲಿಗೇ ಸೇರುತ್ತದೆ. ಒಡೆದ ಕೋಶಗಳಿಂದ ರಕ್ತಕ್ಕೆ ಚೆಲ್ಲಿದ ಮೈಟೋಕಾಂಡ್ರಿಯದ ಡಿಎನ್‌ಎಯನ್ನು ದೇಹ ಬ್ಯಾಕ್ಟೀರಿಯವೆಂದೇ ಬಗೆಯುತ್ತದೆ. ಮೈಟೋಕಾಂಡ್ರಿಯದ ಪೂರ್ವಜರು ನಿಜಕ್ಕೂ ಬ್ಯಾಕ್ಟೀರಿಯಗಳೇ ಎಂದು ಲಿನ್ ಮಾರ್ಗುಲಿಸ್ 1967ರಲ್ಲೇ ವಾದಿಸಿದ್ದರು.

ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೇ?

ಇಷ್ಟು ತಿಳಿದ ಮೇಲೆ ಚಿಕಿತ್ಸೆ ಸುಲಭವಾಗಬೇಕಿತ್ತು. ಆಗಲಿಲ್ಲ. ಕಳೆದ ಕಾಲು ಶತಮಾನದ ದೊಡ್ಡ ಪ್ರಯೋಗಗಳು ಕಲಿಸಿರುವ ಮುಖ್ಯ ಪಾಠ ಸಂಯಮ.

2001ರಲ್ಲಿ ಬೆಲ್ಜಿಯಮ್ಮಿನ ಲುವೆನ್‌ನಲ್ಲಿ ಗ್ರೀಟ್ ವಾನ್ ಡೆನ್ ಬರ್ಗೆ, ಶಸ್ತ್ರಚಿಕಿತ್ಸೆಯಾದ ಐಸಿಯು ರೋಗಿಗಳ ಸಕ್ಕರೆಯನ್ನು ಇನ್ಸುಲಿನ್‌ನಿಂದ 80–110ರ ಒಳಗೆ ಕಟ್ಟಿಟ್ಟಾಗ ಐಸಿಯು ಸಾವು ಶೇ. 8ರಿಂದ 4.6ಕ್ಕೆ ಇಳಿಯಿತು. ಜಗತ್ತೆಲ್ಲ ಅದನ್ನು ಅನುಸರಿಸಿತು. 2009ರಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ 'ನೈಸ್-ಶುಗರ್' ಅಧ್ಯಯನ ಬಂದು ಇದನ್ನು ತಿರುಗಿಸಿತು. ಬಿಗಿ ಹತೋಟಿಯ ಗುಂಪಿನಲ್ಲಿ 90 ದಿನದೊಳಗೆ ಸತ್ತವರು ಶೇ. 27.5, ಸಡಿಲ ಗುಂಪಿನಲ್ಲಿ ಶೇ. 24.9. ಈಗ ಹೆಚ್ಚಿನ ಐಸಿಯುಗಳಲ್ಲಿ ಸಕ್ಕರೆ 180 ದಾಟದಂತೆ, ತೀರ ಇಳಿಯದಂತೆ ನೋಡಿಕೊಳ್ಳುತ್ತಾರೆ. ಮನೆಯ ಸಕ್ಕರೆ ಕಾಯಿಲೆಯ ಅಜ್ಜಿಗೆ ಐಸಿಯುವಿನಲ್ಲಿ 160 ಇದ್ದರೆ ಗಾಬರಿಪಡಬೇಕಿಲ್ಲ.

ಆಹಾರದ ವಿಚಾರದಲ್ಲೂ ಹೀಗೇ. ಹೊಟ್ಟೆಗೆ ಸೇರದ ಕ್ಯಾಲರಿಯನ್ನು ಮೊದಲ ದಿನಗಳಲ್ಲೇ ರಕ್ತನಾಳದ ಮೂಲಕ ತುಂಬಿಸಬೇಕೇ ಎಂದು 4,640 ರೋಗಿಗಳಲ್ಲಿ ಪರೀಕ್ಷಿಸಿದ 2011ರ ಲುವೆನ್ ಅಧ್ಯಯನದಲ್ಲಿ, ಒಂದು ವಾರ ಕಾದವರಿಗೇ ಸೋಂಕು ಕಡಿಮೆಯಾಯಿತು, ಅವರೇ ಬೇಗ ಮನೆಗೆ ಹೋದರು. ಗ್ಲುಟಮಿನ್ ಎಂಬ ಅಮೈನೋ ಆಮ್ಲ ತುಂಬಿಸಿದಾಗ ಸಾವು ಹೆಚ್ಚಿದ್ದು 2013ರಲ್ಲಿ ಕಂಡಿತು. ಬಹಳ ಸದ್ದು ಮಾಡಿದ್ದ ಸಿ ಜೀವಸತ್ವದ ದೊಡ್ಡ ಡೋಸು 2022ರ 'ಲೋವಿಟ್' ಅಧ್ಯಯನದಲ್ಲಿ ಹಾನಿಯನ್ನೇ ತೋರಿಸಿತು.

ಹೆಚ್ಚು ಕೊಟ್ಟದ್ದು ಯಾಕೆ ಮುಳುವಾಗಬಹುದು ಎಂಬುದಕ್ಕೊಂದು ಸುಳಿವು 2016ರಲ್ಲಿ ಯೇಲ್‌ನ ರುಸ್ಲಾನ್ ಮೆಡ್ಜಿಟೋವ್ ಅವರ ತಂಡ ಇಲಿಗಳಲ್ಲಿ ಮಾಡಿದ ಪ್ರಯೋಗದಿಂದ ಸಿಕ್ಕಿತು. ಬ್ಯಾಕ್ಟೀರಿಯದ ಸೋಂಕಾದ ಇಲಿಗೆ ಒತ್ತಾಯದಿಂದ ಗ್ಲೂಕೋಸ್ ತಿನ್ನಿಸಿದರೆ ಸತ್ತಿತು, ಉಪವಾಸವಿರಲು ಬಿಟ್ಟರೆ ಬದುಕಿತು. ಫ್ಲೂ ವೈರಸ್ ತಗಲಿದ ಇಲಿಯಲ್ಲಿ ಇದು ತಿರುಗುಮುರುಗು. ನಮ್ಮ ಮನೆಗಳಲ್ಲಿ ಜ್ವರಕ್ಕೆ ಲಂಘನವೇ ಮದ್ದು ಎನ್ನುವ ಹಿರಿಯರೂ ಇದ್ದಾರೆ, ಗಂಜಿ ಕುಡಿಸಲೇಬೇಕು ಎನ್ನುವವರೂ ಇದ್ದಾರೆ. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಗೇ ಅನ್ವಯಿಸುವಂತಿಲ್ಲ. ಆದರೆ ಕಾಯಿಲೆಯ ಬಗೆ ಮತ್ತು ಹಂತ ನೋಡದೆ ಎಲ್ಲರಿಗೂ ಒಂದೇ ಪಥ್ಯ ಹೇಳುವುದು ಸರಿಯಲ್ಲ ಎಂಬಷ್ಟನ್ನು ಅದು ಖಂಡಿತ ಹೇಳುತ್ತದೆ.

ಬೆಂಗಳೂರಿನ ಅಳತೆ

ಮೇಲೆ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ಚೆನ್ನಾಗಿ ಉಂಡು ಬೆಳೆದ ದೇಹಗಳ ಮೇಲೆ ನಡೆದವು. ಮೊದಲೇ ಸೊರಗಿದ ದೇಹಕ್ಕೆ ಸೋಂಕು ಬಂದರೆ ಏನಾಗುತ್ತದೆ? ಪೋಷಣೆಯ ಕೊರತೆ ಮತ್ತು ಸೋಂಕು ಒಂದನ್ನೊಂದು ಬೆಳೆಸುತ್ತವೆ ಎಂದು ನೆವಿನ್ ಸ್ಕ್ರಿಮ್‌ಶಾ, ಕಾರ್ಲ್ ಟೇಲರ್, ಜಾನ್ ಗಾರ್ಡನ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ಗ್ರಂಥದಲ್ಲಿ ವಿವರಿಸಿದ್ದರು. ಅದನ್ನು ದೇಹದೊಳಗೆ ಅಳೆದು ತೋರಿಸುವಲ್ಲಿ ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪಾತ್ರ ದೊಡ್ಡದು.

ಅಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು 1980–90ರ ದಶಕಗಳಲ್ಲಿ, ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ದುಡಿದವರ ಮೂಲ ಶಕ್ತಿವ್ಯಯವನ್ನು ಅಳೆದರು. ಬಡವನ ದೇಹ ಕಡಿಮೆ ಊಟಕ್ಕೆ ಹೊಂದಿಕೊಂಡುಬಿಡುತ್ತದೆ ಎಂಬ ಸಮಾಧಾನದ ಮಾತು ಆಗ ಚಾಲ್ತಿಯಲ್ಲಿತ್ತು. ಅಂಥ ದೇಹದ ಒಟ್ಟು ಖರ್ಚು ಕಡಿಮೆಯಿರುವುದು ನಿಜ; ಅದು ಬಹುಮಟ್ಟಿಗೆ ದೇಹವೇ ಚಿಕ್ಕದಾಗಿ ಹೋಗಿರುವುದರಿಂದ. ತೂಕಕ್ಕೆ ತಕ್ಕಂತೆ ನೋಡಿದರೆ ದೊಡ್ಡ ಉಳಿತಾಯವೇನೂ ಇಲ್ಲ.

ಅದೇ ಕಾಲೇಜಿನ ಅನುರಾ ಕುರ್ಪಾಡ್, ಎಂಐಟಿಯ ವೆರ್ನನ್ ಯಂಗ್ ಅವರೊಡನೆ ಸೇರಿ ಪ್ರೋಟೀನ್ ಕಡೆ ಗಮನ ಹರಿಸಿದರು. ಅವರ ವಿಧಾನ ಶ್ರಮದ್ದು. ಸ್ವಯಂಸೇವಕರಿಗೆ ಸುಮಾರು ಒಂದು ವಾರ ಲೆಕ್ಕ ಹಾಕಿದ ಆಹಾರ ಕೊಟ್ಟು, ಆಮೇಲೆ ಇಡೀ 24 ಗಂಟೆ ಪ್ರಯೋಗಾಲಯದಲ್ಲಿರಿಸಿ, ಭಾರದ ಇಂಗಾಲದ ಗುರುತಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ದೇಹಕ್ಕೆ ಸೇರಿಸಿ, ಹೊರಬಿಡುವ ಉಸಿರಿನಲ್ಲಿ ಆ ಇಂಗಾಲ ಎಷ್ಟು ಬರುತ್ತದೆ ಎಂದು ಹಗಲೂ ರಾತ್ರಿ ಅಳೆಯುವುದು. ಅಗತ್ಯವಾದ ಅಮೈನೋ ಆಮ್ಲ ಒಂದೇ ಒಂದು ಕಡಿಮೆಯಾದರೂ ಉಳಿದವುಗಳಿಂದ ಪ್ರೋಟೀನ್ ಕಟ್ಟಲಾಗದೆ ದೇಹ ಅವನ್ನು ಉರಿಸಿಬಿಡುತ್ತದೆ. ಉಸಿರು ಅದನ್ನು ಹೇಳುತ್ತದೆ.

1985ರ ಅಂತರರಾಷ್ಟ್ರೀಯ ವರದಿ, ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಲೈಸಿನ್ ಎಂಬ ಅಗತ್ಯ ಅಮೈನೋ ಆಮ್ಲ 12 ಮಿಲಿಗ್ರಾಂ ಸಾಕು ಎಂದಿತ್ತು. ಬೆಂಗಳೂರಿನ ಅಳತೆ ಸುಮಾರು 30 ಎಂದಿತು. 2007ರ ಹೊಸ ವರದಿ 30 ಮಿಲಿಗ್ರಾಂ ಅನ್ನೇ ಒಪ್ಪಿಕೊಂಡಿತು. ಅಕ್ಕಿ, ಗೋಧಿ, ಜೋಳಗಳಲ್ಲಿ ಕಡಿಮೆ ಇದ್ದು ಬೇಳೆ, ಹಾಲು, ಮೊಟ್ಟೆಯಲ್ಲಿ ಹೆಚ್ಚಿರುವ ಅಂಶ ಇದು. ಇನ್ನೂ ಮುಖ್ಯವಾದದ್ದು ಮುಂದಿನ ಅಧ್ಯಯನ. ಬಹುಕಾಲದ ಅರೆಪೋಷಣೆಯ ಗಂಡಸರಿಗೆ ಲೈಸಿನ್ ಸುಮಾರು ಒಂದೂವರೆ ಪಟ್ಟು ಬೇಕಾಗುತ್ತಿತ್ತು. ಕರುಳಿನ ಪರಾವಲಂಬಿ ಜೀವಿಗಳು ಆ ಬೇಡಿಕೆಯನ್ನು ಏರಿಸುತ್ತವೆ ಎಂದು 2003ರಲ್ಲಿ ತಂಡ ಪ್ರಕಟಿಸಿತು. ಜ್ವರವಿಲ್ಲದ, ರೋಗಿಯೆಂದು ಯಾರೂ ಕರೆಯದ ಮನುಷ್ಯನಲ್ಲೂ ಸಣ್ಣ ಸೋಂಕು ಸದ್ದಿಲ್ಲದೆ ಪೋಷಣೆಯನ್ನು ಕಸಿಯುತ್ತಿತ್ತು. ಅಲ್ಪಕಾಲದ ಮತ್ತು ದೀರ್ಘಕಾಲದ ಸೋಂಕುಗಳಲ್ಲಿ ಪ್ರೋಟೀನಿನ ಅಗತ್ಯ ಹೇಗೆ ಬದಲಾಗುತ್ತದೆ ಎಂಬುದರ ಬಗ್ಗೆ ಕುರ್ಪಾಡ್ 2006ರಲ್ಲಿ ಬರೆದ ವಿಮರ್ಶಾ ಲೇಖನ ಈ ವಿಷಯಕ್ಕೆ ಒಳ್ಳೆಯ ಪ್ರವೇಶ.

ಪುಣೆಯ ಚಿತ್ತರಂಜನ ಯಾಜ್ಞಿಕ್ ತೋರಿಸಿದ ಮತ್ತೊಂದು ಸಂಗತಿಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಭಾರತೀಯರು ನೋಡಲು ತೆಳ್ಳಗಿದ್ದರೂ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಸ್ನಾಯು ಕಡಿಮೆ. ಸ್ನಾಯುವೇ ಕಾಯಿಲೆಯ ಕಾಲದ ಪ್ರೋಟೀನಿನ ದಾಸ್ತಾನು. ಕಡಿಮೆ ದಾಸ್ತಾನಿನೊಂದಿಗೆ, ಜೊತೆಗೆ ಸಕ್ಕರೆ ಕಾಯಿಲೆಯನ್ನೂ ಹೊತ್ತು ಐಸಿಯು ಸೇರುವ ನಮ್ಮ ರೋಗಿಗೆ ಲುವೆನ್ನಿನ ಲೆಕ್ಕ ಹಾಗೇ ಹೊಂದುತ್ತದೆ ಎಂದು ಊಹಿಸಿಕೊಂಡು ಕೂರುವುದು ತಪ್ಪು.

ಮುಂದೇನು?

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇದು. ತೀವ್ರ ಕಾಯಿಲೆಯಲ್ಲಿ ಶಕ್ತಿಯ ಸಮಸ್ಯೆ ಸರಬರಾಜಿನದಷ್ಟೇ ಆಗಿ ಉಳಿದಿಲ್ಲ, ಬಳಕೆಯದೂ ಕಾಲದ್ದೂ ಆಗಿದೆ. ಮೊದಲ ಗಂಟೆಗಳಲ್ಲಿ ಸೋಂಕನ್ನು ಹತ್ತಿಕ್ಕಿ ರಕ್ತದ ಹರಿವು ಕಾಪಾಡಬೇಕು. ನಂತರದ ಕೆಲವು ದಿನ ದೇಹಕ್ಕೆ ಒತ್ತಾಯ ಮಾಡಬಾರದು. ಚೇತರಿಕೆ ಶುರುವಾದ ಮೇಲೆ ಪ್ರೋಟೀನೂ ವ್ಯಾಯಾಮವೂ ಧಾರಾಳವಾಗಿ ಸಿಗಬೇಕು. ರೋಗಿ ಯಾವ ಹಂತದಲ್ಲಿದ್ದಾನೆ ಎಂದು ಹಾಸಿಗೆಯ ಪಕ್ಕದಲ್ಲೇ ಹೇಳುವ ಸರಳ ಪರೀಕ್ಷೆ ಇನ್ನೂ ಕೈಗೆ ಬಂದಿಲ್ಲ. ಉಸಿರಿನ ಅನಿಲಗಳಿಂದ ಶಕ್ತಿವ್ಯಯ ಅಳೆಯುವ ಯಂತ್ರವಿದೆ. ಅದು ನಮ್ಮ ಸರ್ಕಾರಿ ಐಸಿಯುಗಳಿಗೂ ಬರಬೇಕು. ಉಸಿರಿನ ಅಳತೆಯಲ್ಲಿ ಜಗತ್ತಿಗೆ ಪಾಠ ಹೇಳಿದ ಊರು ನಮ್ಮದು. ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್, ಸೇಂಟ್ ಜಾನ್ಸ್ ಎಲ್ಲ ಒಂದೇ ನಗರದಲ್ಲಿರುವಾಗ ಕನ್ನಡನಾಡಿನ ರೋಗಿಗಳ ಮೇಲೆ, ಅವರ ಒಪ್ಪಿಗೆ ಪಡೆದು, ಈ ಅಧ್ಯಯನಗಳನ್ನು ಕೈಗೊಳ್ಳಬೇಕು. ಅದಕ್ಕೆ ಸರ್ಕಾರವೂ ದಾನಿಗಳೂ ಹಣ ಒದಗಿಸಬೇಕು.

ಓದುಗರಿಗೆ ಹೇಳಬೇಕಾದ್ದು ಇಷ್ಟೇ. ಜ್ವರವಿರುವವರು ತಬ್ಬಿಬ್ಬಾಗಿ ಮಾತನಾಡಿದರೆ, ಉಸಿರು ವೇಗವಾದರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ ಡ್ರಿಪ್ ಹಾಕಿಸಿಕೊಂಡು ಬೆಳಗಿನವರೆಗೆ ನೋಡೋಣ ಎಂದು ಕಾಯಬೇಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಐಸಿಯುವಿನಿಂದ ಮನೆಗೆ ಬಂದವರಿಗೆ ಬರೀ ಗಂಜಿ, ತಿಳಿಸಾರಿನಲ್ಲೇ ತಿಂಗಳು ಕಳೆಯಬೇಡಿ. ವೈದ್ಯರನ್ನು ಕೇಳಿ ಬೇಳೆ, ಮೊಸರು, ಮೊಟ್ಟೆ ಕೊಡಿ, ಕೈಹಿಡಿದು ದಿನವೂ ನಾಲ್ಕು ಹೆಜ್ಜೆ ನಡೆಸಿ. ಕರಗಿದ ಸ್ನಾಯು ಹೀಗೆ ದಿನದಿನದ ಆರೈಕೆಯಿಂದಲೇ ಮರಳಿ ಬರಬೇಕು.